ಮೂರು ತಿಂಗಳೆಂದು ಹೊರಟ ಮಕ್ಕಳು

ಯುದ್ಧಗಳ ಚರಿತ್ರೆ ಓದುವಾಗ ಯಾರು ಗೆದ್ದರು, ಯಾರು ಸೋತರು ಎಂದು ನಾವು ಕೇಳುತ್ತೇವೆ. ಮನೆ ಕಳೆದುಕೊಂಡ ಮಕ್ಕಳು ಆಮೇಲೆ ಎಲ್ಲಿ ಉಂಡರು, ಯಾರ ಮಡಿಲಲ್ಲಿ ಮಲಗಿದರು ಎಂದು ಕೇಳುವುದು ಕಡಿಮೆ. ಸ್ಪೇನಿನ ಅಂತರ್ಯುದ್ಧದ (1936-39) ಒಂದು ಅಧ್ಯಾಯವನ್ನು ಈ ಪ್ರಶ್ನೆಯೊಂದಿಗೆ ಓದೋಣ.

1937ರ ಏಪ್ರಿಲ್ 26ರಂದು ಜನರಲ್ ಫ್ರಾಂಕೋನ ನೆರವಿಗೆ ಬಂದಿದ್ದ ಜರ್ಮನಿ ಮತ್ತು ಇಟಲಿಯ ವಿಮಾನಗಳು ಬಾಸ್ಕ್ ನಾಡಿನ ಗೆರ್ನಿಕಾ ಪಟ್ಟಣವನ್ನು ಸುಟ್ಟು ಬೂದಿ ಮಾಡಿದವು. ಪಕ್ಕದ ಬಿಲ್ಬಾವೊ ನಗರದಲ್ಲಿ ತುತ್ತು ರೊಟ್ಟಿಗೂ ತತ್ವಾರ. ಮಕ್ಕಳನ್ನಾದರೂ ಉಳಿಸಿಕೊಳ್ಳೋಣವೆಂದು ತಂದೆತಾಯಂದಿರು ಅವರನ್ನು ಹೊರದೇಶಗಳಿಗೆ ಕಳುಹಿಸಲು ಮುಂದಾದರು. ಮೇ 21ರಂದು ‘ಹಬಾನ’ ಎಂಬ ಹಡಗು ಸುಮಾರು 4,000 ಮಕ್ಕಳನ್ನು ಹೊತ್ತು ಇಂಗ್ಲೆಂಡಿಗೆ ಹೊರಟಿತು. ಅದು ಕಟ್ಟಿದ್ದು ಸುಮಾರು 800 ಪ್ರಯಾಣಿಕರಿಗಾಗಿ. ಪ್ರತಿ ಮಗುವಿನ ಎದೆಯ ಮೇಲೆ ಸಂಖ್ಯೆ ಬರೆದ ರಟ್ಟಿನ ಚೀಟಿ. ‘ಮೂರೇ ತಿಂಗಳು, ಆಮೇಲೆ ಮನೆಗೆ’ ಎಂದು ದೊಡ್ಡವರು ಸಮಾಧಾನ ಹೇಳಿದ್ದರು.

ಈ ಮಕ್ಕಳನ್ನು ಬರಮಾಡಿಕೊಳ್ಳಲು ಬ್ರಿಟಿಷ್ ಸರಕಾರಕ್ಕೆ ಮನಸ್ಸಿರಲಿಲ್ಲ. ಇಲ್ಲಿನ ಹವೆ ಅವರಿಗೆ ಒಗ್ಗದು ಎಂಬುದು ಪ್ರಧಾನಿ ಬಾಲ್ಡ್‌ವಿನ್ ನೀಡಿದ ಕಾರಣ. ಲೀಹ್ ಮ್ಯಾನಿಂಗ್ ಎಂಬ ಮಹಿಳೆ ಬಿಲ್ಬಾವೊದಲ್ಲೇ ನಿಂತು ಹಟ ಹಿಡಿದರು. ಜನರ ಒತ್ತಡವೂ ಹೆಚ್ಚಿತು. ಕೊನೆಗೆ ಸರಕಾರ ಒಪ್ಪಿತು, ಆದರೆ ಬೊಕ್ಕಸದಿಂದ ಬಿಡಿಗಾಸೂ ಕೊಡುವುದಿಲ್ಲವೆಂದಿತು. ಮಗುವೊಂದಕ್ಕೆ ವಾರಕ್ಕೆ 10 ಶಿಲಿಂಗ್ ಹೊಂದಿಸುವ ಹೊಣೆ ಜನರ ಮೇಲೆ ಬಿತ್ತು. ಕಾರ್ಮಿಕ ಸಂಘಗಳು, ಚರ್ಚುಗಳು, ಸಾಮಾನ್ಯ ಕುಟುಂಬಗಳು ಆ ಹೊಣೆ ಹೊತ್ತವು.

ಸೌತಾಂಪ್ಟನ್ ಬಳಿಯ ಹೊಲಗಳಲ್ಲಿ ಡೇರೆಗಳೆದ್ದವು. ಬಿಳಿ ಬ್ರೆಡ್ಡು ಕಂಡು ಮಕ್ಕಳು ಬೆರಗಾದರು. ವಿಮಾನದ ಸದ್ದು ಕೇಳಿದರೆ ಮಾತ್ರ ಹೆದರಿ ಅಡಗಿಕೊಳ್ಳುತ್ತಿದ್ದರು. ಜೂನ್ 19ರಂದು ಬಿಲ್ಬಾವೊ ಫ್ರಾಂಕೋನ ವಶವಾಯಿತು. ಆ ಸುದ್ದಿಯನ್ನು ಧ್ವನಿವರ್ಧಕದಲ್ಲಿ ಸಾರಿದಾಗ ಶಿಬಿರವೇ ಗೋಳಾಡಿತು. ಮೂರು ತಿಂಗಳ ಮಾತು ಅಂದೇ ಮುರಿದಿತ್ತು.

ಮುಂದೆ ಮಕ್ಕಳನ್ನು ದೇಶದುದ್ದಕ್ಕೂ ಹಲವು ವಸತಿಗಳಿಗೆ ಹಂಚಲಾಯಿತು. ಕಠಿಣವಾದ ಪ್ರಶ್ನೆ ಎದುರಾದದ್ದು ಆಗಲೇ. ಇವರನ್ನು ಹಿಂದಕ್ಕೆ ಕಳುಹಿಸುವುದು ಹೇಗೆ? ತಂದೆ ಸತ್ತಿರಬಹುದು, ಸೆರೆಯಲ್ಲಿರಬಹುದು, ಗಡಿ ದಾಟಿರಬಹುದು. ಎರಡನೇ ಮಹಾಯುದ್ಧ ಶುರುವಾಗುವ ಹೊತ್ತಿಗೆ ಹೆಚ್ಚಿನ ಮಕ್ಕಳು ಮರಳಿದ್ದರು. ಹೋಗಲು ಮನೆಯಿಲ್ಲದವರೂ ಹೋಗಲೊಲ್ಲದವರೂ ಉಳಿದರು. ಸುಮಾರು 250 ಮಂದಿ ಕೊನೆಗೂ ಬ್ರಿಟನ್ನಿನಲ್ಲೇ ನೆಲೆಸಿದರು. ಅದೇ ವರ್ಷ ಮೆಕ್ಸಿಕೊಗೆ ಹೋಗಿ ಮೊರೆಲಿಯ ನಗರ ಸೇರಿದ ಸುಮಾರು 450 ಮಕ್ಕಳಲ್ಲಿಯೂ ಬಹುತೇಕರಿಗೆ ತಾತ್ಕಾಲಿಕ ಆಶ್ರಯವೇ ತಾಯ್ನಾಡಾಯಿತು.

ಸ್ಪೇನಿನೊಳಗೆ ನಡೆದದ್ದು ಇನ್ನೂ ನೋವಿನದು. ಹೆತ್ತವರು ಪತ್ತೆಯಾಗದ ಮಕ್ಕಳನ್ನು ಹೊಸ ಹೆಸರಿನಲ್ಲಿ ನೋಂದಾಯಿಸಲು 1941ರಲ್ಲಿ ಫ್ರಾಂಕೋ ಸರಕಾರ ಕಾನೂನು ತಂದಿತು. ಹೆಸರು ಬದಲಾದ ಮೇಲೆ ತಾಯಿ ಹುಡುಕುವುದಾದರೂ ಯಾರನ್ನು?

ಇಲ್ಲಿ ನಾವು ನಿಂತು ಯೋಚಿಸಬೇಕು. ಸೂರು ಕೊಡುವುದು ದೊಡ್ಡ ಉಪಕಾರವೇ. ಆದರೆ ಸೂರು ಕೊಟ್ಟವರು ಮಗುವಿನ ಬೇರನ್ನೇ ಕಿತ್ತರೆ ಅದು ಇನ್ನೊಂದು ಅನಾಥತನ. 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆ ಈ ಎಚ್ಚರವನ್ನು ಒಳಗೊಂಡಿದೆ. ನೆಲೆ ಕಳೆದುಕೊಂಡ ಮಗುವಿಗೆ ಆಶ್ರಯ ಕೊಡುವಾಗ ಅದರ ಭಾಷೆ, ಧರ್ಮ, ಸಂಸ್ಕೃತಿಯನ್ನು ಗಮನಿಸಬೇಕೆಂದು ಅದು ಹೇಳುತ್ತದೆ. ದತ್ತಕದ ಜೊತೆಗೆ ಇಸ್ಲಾಮೀ ಕಾನೂನಿನ ‘ಕಫಾಲ’ವನ್ನೂ ಅದು ಹೆಸರಿಸಿದೆ. ಮಗುವನ್ನು ಸಾಕಿ ಸಲಹುವುದು, ಆದರೆ ಅದರ ವಂಶದ ಹೆಸರನ್ನು ಅಳಿಸದಿರುವುದು ಕಫಾಲದ ತಿರುಳು.

ಹಬಾನ ಹಡಗಿನ ಮಕ್ಕಳಿಗೆ ಎದೆಯ ಮೇಲೆ ಸಂಖ್ಯೆಯಿತ್ತು, ಆದರೆ ಅವರ ಹೆಸರನ್ನು ಯಾರೂ ಕಿತ್ತುಕೊಳ್ಳಲಿಲ್ಲ. ತಿರುಗಿ ಹೋದವರು ತಮ್ಮವರನ್ನು ಹುಡುಕಿಕೊಂಡದ್ದು ಆ ಹೆಸರಿನ ಬಲದಿಂದಲೇ. ಅನಾಥ ಮಗುವಿನ ಕೈಹಿಡಿಯುವ ಪ್ರತಿಯೊಬ್ಬರೂ ಮೊದಲು ಕೇಳಬೇಕಾದ ಮಾತು ಒಂದೇ: ಮಗೂ, ನಿನ್ನ ಹೆಸರೇನು?