ಹಾಲಿನ ಸೊಸೈಟಿಯ ಕಂಪ್ಯೂಟರ್: ಆಡಳಿತದ ತೀರ್ಮಾನಕ್ಕೆ ಮಾಹಿತಿ ಹೇಗೆ ನೆರವಾಗುತ್ತದೆ?

ಕಂಪ್ಯೂಟರ್ ಆಧಾರಿತ ಮಾಹಿತಿ ವ್ಯವಸ್ಥೆ ಎಂದರೆ ಬ್ಯಾಂಕು, ಕಾರ್ಖಾನೆಗಳಿಗೆ ಮಾತ್ರ ಸಂಬಂಧಿಸಿದ್ದು ಎಂದು ತಿಳಿದವರೇ ಹೆಚ್ಚು. ಆದರೆ ಬೆಳಗ್ಗೆ ಹಾಲಿನ ಸೊಸೈಟಿಗೆ ಹೋಗುವ ಹಲವರು ಇದನ್ನು ದಿನವೂ ನೋಡುತ್ತಾರೆ. ಹಾಲು ತೂಗಿ, ಫ್ಯಾಟ್ ಅಳೆದು ಯಂತ್ರ ಕೊಡುವ ಸಣ್ಣ ಚೀಟಿಯೇ ಈ ವ್ಯವಸ್ಥೆಯ ಮೊದಲ ಮೆಟ್ಟಿಲು. ಆ ಚೀಟಿಯ ಅಂಕಿಗಳು ಆಡಳಿತ ನಡೆಸುವವರ ತೀರ್ಮಾನಕ್ಕೆ ಹೇಗೆ ಒದಗುತ್ತವೆ, ಎಲ್ಲಿ ಎಚ್ಚರ ಬೇಕು ಎಂಬ ವಿವರ ಇಲ್ಲಿದೆ.

ಆನಂದ್ ಮಾದರಿ

ಗುಜರಾತಿನ ಆನಂದ್‌ನಲ್ಲಿ 1946ರಲ್ಲಿ ಖೇಡಾ ಜಿಲ್ಲಾ ಸಹಕಾರಿ ಹಾಲು ಉತ್ಪಾದಕರ ಒಕ್ಕೂಟ (ಅಮುಲ್) ನೋಂದಣಿಯಾಯಿತು. ಹಳ್ಳಿಗೆ ಸೊಸೈಟಿ, ಜಿಲ್ಲೆಗೆ ಒಕ್ಕೂಟ, ರಾಜ್ಯಕ್ಕೆ ಮಹಾಮಂಡಲ ಎಂಬ ಅಲ್ಲಿನ ಮಾದರಿಯನ್ನೇ ಮುಂದೆ ಬೇರೆ ರಾಜ್ಯಗಳೂ ಅನುಸರಿಸಿದವು. ಕಂಪ್ಯೂಟರ್ ಬರುವ ಮೊದಲು ಪ್ರತಿಯೊಬ್ಬರ ಹಾಲಿನ ಮಾದರಿಯನ್ನು ಸಣ್ಣ ಬಾಟಲಿಯಲ್ಲಿ ತೆಗೆದಿಟ್ಟು, ಆಮೇಲೆ ಆಸಿಡ್ ಬೆರೆಸಿ ಫ್ಯಾಟ್ ನೋಡಬೇಕಿತ್ತು. ಲೆಕ್ಕವೆಲ್ಲ ರಿಜಿಸ್ಟರ್‌ನಲ್ಲಿ. ತನ್ನ ಹಾಲಿಗೆ ಎಷ್ಟು ಫ್ಯಾಟ್ ಬಂತು, ಎಷ್ಟು ಹಣ ಸಿಕ್ಕೀತು ಎಂಬುದು ಹಾಲು ಹಾಕಿದವರಿಗೆ ಆಗಲೇ ತಿಳಿಯುತ್ತಿರಲಿಲ್ಲ. ಎಲೆಕ್ಟ್ರಾನಿಕ್ ತಕ್ಕಡಿ, ಫ್ಯಾಟ್ ಅಳೆಯುವ ಯಂತ್ರ ಮತ್ತು ಕಂಪ್ಯೂಟರ್ ಜೋಡಿಸಿದ ಘಟಕಗಳು ಬಂದ ಮೇಲೆ ಎಲ್ಲವೂ ನಿಂತಲ್ಲೇ ತಿಳಿಯುವಂತಾಯಿತು.

ಒಂದೇ ಅಂಕಿ, ಮೂರು ಉಪಯೋಗ

ಸೊಸೈಟಿಯ ಕಾರ್ಯದರ್ಶಿಗೆ ಬೇಕಾದದ್ದು ದಿನದ ಲೆಕ್ಕ: ಯಾರು ಎಷ್ಟು ಲೀಟರ್ ಹಾಕಿದರು, ಯಾರಿಗೆ ಎಷ್ಟು ಕೊಡಬೇಕು. ಇದು ವ್ಯವಹಾರ ದಾಖಲಿಸುವ ವ್ಯವಸ್ಥೆ.

ಒಕ್ಕೂಟದ ಮ್ಯಾನೇಜರಿಗೆ ಒಬ್ಬೊಬ್ಬರ ಚೀಟಿ ಬೇಡ, ಸಾರಾಂಶ ಸಾಕು. ಉದಾಹರಣೆಗೆ, ದಿನಕ್ಕೆ 400 ಲೀಟರ್ ಬರುತ್ತಿದ್ದ ಸೊಸೈಟಿಯಿಂದ ಮೂರು ದಿನ 250 ಲೀಟರ್ ಮಾತ್ರ ಬಂದರೆ ಕಂಪ್ಯೂಟರ್ ಆ ಸೊಸೈಟಿಯ ಹೆಸರನ್ನು ಎತ್ತಿ ತೋರಿಸುತ್ತದೆ. ದನಗಳಿಗೆ ರೋಗವೋ, ಮೇವಿನ ಕೊರತೆಯೋ, ಖಾಸಗಿಯವರು ಹಾಲು ಕೊಳ್ಳುತ್ತಿದ್ದಾರೋ ಎಂದು ವಿಚಾರಿಸಲು ಅವರು ಜನ ಕಳಿಸಬಹುದು. ಇದು ನಿರ್ವಹಣಾ ಮಾಹಿತಿ ವ್ಯವಸ್ಥೆ.

ಮೂರನೆಯದು ತೀರ್ಮಾನಕ್ಕೆ ನೆರವಾಗುವ ವ್ಯವಸ್ಥೆ. ಗುಜರಾತಿನಲ್ಲಿ ಚಳಿಗಾಲದಲ್ಲಿ ಹಾಲು ಹೆಚ್ಚು, ಬೇಸಿಗೆಯಲ್ಲಿ ಕಡಿಮೆ. ಹೆಚ್ಚಾದ ಹಾಲಿನಲ್ಲಿ ಎಷ್ಟನ್ನು ಪುಡಿ ಮಾಡಬೇಕು, ಎಷ್ಟನ್ನು ಬೆಣ್ಣೆಗೆ ಕಳಿಸಬೇಕು, ರೈತರಿಗೆ ಲೀಟರಿಗೆ ಒಂದು ರೂಪಾಯಿ ಹೆಚ್ಚು ಕೊಟ್ಟರೆ ಒಕ್ಕೂಟಕ್ಕೆ ಏನಾದೀತು? ಇಂಥ ‘ಹೀಗೆ ಮಾಡಿದರೆ ಹೇಗೆ’ ಎಂಬ ಪ್ರಶ್ನೆಗಳಿಗೆ ಕಂಪ್ಯೂಟರ್ ಹಳೆಯ ಅಂಕಿಗಳನ್ನು ಇಟ್ಟುಕೊಂಡು ಹಲವು ಲೆಕ್ಕ ಹಾಕಿ ಮುಂದಿಡುತ್ತದೆ. ಆಯ್ಕೆ ಮಾತ್ರ ಆಡಳಿತ ಮಂಡಳಿಯದು.

ತಜ್ಞರ ಮಾತು

ಅಮೆರಿಕದ ಹರ್ಬರ್ಟ್ ಸೈಮನ್ ಅವರಿಗೆ 1978ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂದಿತು. ಅವರ ಪ್ರಕಾರ ತೀರ್ಮಾನಕ್ಕೆ ಮೂರು ಹಂತ: ಸಮಸ್ಯೆಯನ್ನು ಗುರುತಿಸುವುದು, ದಾರಿಗಳನ್ನು ಹುಡುಕುವುದು, ಒಂದನ್ನು ಆರಿಸುವುದು. ಮೊದಲ ಎರಡಕ್ಕೆ ಕಂಪ್ಯೂಟರಿನ ನೆರವು ದೊಡ್ಡದು. ಆದರೆ ಮಾಹಿತಿ ಹೆಚ್ಚಾದಷ್ಟೂ ಒಳ್ಳೆಯದು ಎನ್ನುವಂತಿಲ್ಲ. ಮ್ಯಾನೇಜರುಗಳನ್ನು ಕಾಡುವುದು ಮಾಹಿತಿಯ ಕೊರತೆಗಿಂತ ಬೇಡದ ಮಾಹಿತಿಯ ರಾಶಿ ಎಂದು ರಸೆಲ್ ಅಕಾಫ್ 1967ರಲ್ಲೇ ಎಚ್ಚರಿಸಿದ್ದರು.

ಲೆಕ್ಕವೇ ತಪ್ಪಿದರೆ?

ಕಂಪ್ಯೂಟರ್ ಹೇಳಿದ್ದೇ ಸತ್ಯವೆಂದು ನಂಬಿದರೆ ಏನಾಗುತ್ತದೆ ಎಂಬುದಕ್ಕೆ ಬ್ರಿಟನ್ನಿನ ಅಂಚೆ ಇಲಾಖೆಯೇ ಸಾಕ್ಷಿ. ಅಲ್ಲಿ 1999ರಿಂದ ಅಂಚೆ ಕಚೇರಿಗಳಿಗೆ ‘ಹೊರೈಜನ್’ ಎಂಬ ಲೆಕ್ಕದ ವ್ಯವಸ್ಥೆ ಬಂತು. ನಗದಿನಲ್ಲಿ ಕೊರತೆ ಇದೆ ಎಂದು ಅದು ತೋರಿಸಿದಾಗ, ‘ನಾವು ಹಣ ತೆಗೆದಿಲ್ಲ’ ಎಂದ ಕಚೇರಿ ನಡೆಸುವವರ ಮಾತನ್ನು ಮೇಲಿನವರು ಕೇಳಲಿಲ್ಲ. 900ಕ್ಕೂ ಹೆಚ್ಚು ಜನ ಕಳ್ಳತನ, ಸುಳ್ಳು ಲೆಕ್ಕದಂಥ ಆರೋಪಗಳಲ್ಲಿ ಶಿಕ್ಷೆಗೊಳಗಾದರು. ಕೆಲವರು ಜೈಲು ಸೇರಿದರು, ಮನೆಮಾರು ಕಳೆದುಕೊಂಡವರೂ ಇದ್ದಾರೆ. ವ್ಯವಸ್ಥೆಯಲ್ಲೇ ದೋಷಗಳಿದ್ದವೆಂದು 2019ರಲ್ಲಿ ಲಂಡನ್ನಿನ ಹೈಕೋರ್ಟ್ ತೀರ್ಪು ನೀಡಿತು. 2024ರಲ್ಲಿ ಕಾನೂನನ್ನೇ ತಂದು ಇಂಥ ಶಿಕ್ಷೆಗಳನ್ನು ರದ್ದುಪಡಿಸಬೇಕಾಯಿತು.

ನಾವು ಗಮನಿಸಬೇಕಾದದ್ದು

ಹಾಲಿನ ಸೊಸೈಟಿಗೂ ಈ ಮಾತು ಅನ್ವಯಿಸುತ್ತದೆ. ಯಂತ್ರವನ್ನು ಕಾಲಕಾಲಕ್ಕೆ ಪರೀಕ್ಷಿಸಿ ಸರಿಹೊಂದಿಸದಿದ್ದರೆ 4.0 ಫ್ಯಾಟ್ ಇರುವ ಹಾಲು 3.8 ಎಂದೇ ಅಚ್ಚುಕಟ್ಟಾಗಿ ಅಚ್ಚಾಗುತ್ತದೆ. ಆ ತಪ್ಪು ರೈತರ ಹಣದಲ್ಲೂ ಕಾಣುತ್ತದೆ, ಒಕ್ಕೂಟದ ತೀರ್ಮಾನದಲ್ಲೂ ಸೇರಿಕೊಳ್ಳುತ್ತದೆ. ಆದ್ದರಿಂದ ಚೀಟಿಗಳನ್ನು ಎಸೆಯದೆ ಇಟ್ಟುಕೊಳ್ಳಬೇಕು. ಚೀಟಿ ಯಾವ ಭಾಷೆಯಲ್ಲಿದ್ದರೂ ಲೀಟರ್, ಫ್ಯಾಟ್, ದರ, ಮೊತ್ತ ಈ ನಾಲ್ಕನ್ನು ನೋಡುವುದು ರೂಢಿಯಾಗಬೇಕು. ಅನುಮಾನ ಬಂದರೆ ಮರುಪರೀಕ್ಷೆ ಕೇಳಬೇಕು, ಮಹಾಸಭೆಯಲ್ಲಿ ಪ್ರಶ್ನಿಸಬೇಕು. ಕಂಪ್ಯೂಟರ್ ಲೆಕ್ಕ ಕೊಡುತ್ತದೆ; ಅದಕ್ಕೆ ಉತ್ತರ ಕೊಡಬೇಕಾದವರು ಮನುಷ್ಯರೇ.