ಮಹಶೀರ್ ಅರಸಿ ಹೊರಡುವ ಮುನ್ನ: ಕಾವೇರಿ ಕಣಿವೆಯಲ್ಲಿ ಗಾಳ, ಕಾಯ್ದೆ ಮತ್ತು ಅಳಿವಿನಂಚಿನ ಮೀನು

ಮಮದಾಪುರ (ವಿಜಯಪುರ ಜಿಲ್ಲೆ): ಬಬಲೇಶ್ವರ ತಾಲ್ಲೂಕಿನ ಮಮದಾಪುರದ ದೊಡ್ಡ ಕೆರೆ ಮುಹಮ್ಮದ್ ಆದಿಲ್ ಶಾಹನ (ಆಳ್ವಿಕೆ 1627-1656) ಕಾಲದ್ದು. ಬಯಲುಸೀಮೆಯ ಇಂಥ ಕೆರೆಗಳ ದಂಡೆಯಲ್ಲಿ ಗಾಳ ಹಾಕಿ ಕುಳಿತವರಿಗೆ ಸಾಮಾನ್ಯವಾಗಿ ದೊರೆಯುವುದು ಕಾಟ್ಲಾ, ರೋಹು, ಮೃಗಾಲ, ಸಾಮಾನ್ಯ ಗೆಂಡೆ. ಇವೆಲ್ಲ ಬಿತ್ತನೆ ಮರಿಗಳಿಂದ ಬೆಳೆದ ಮೀನುಗಳು. ಕೆರೆಯ ಮೀನುಗಾರಿಕೆ ಹಕ್ಕು ಗುತ್ತಿಗೆಗೆ ಹೋಗಿದ್ದರೆ ಗುತ್ತಿಗೆದಾರರ ಅಥವಾ ಮೀನುಗಾರರ ಸಹಕಾರ ಸಂಘದ ಒಪ್ಪಿಗೆ ಪಡೆಯುವುದು ಅಗತ್ಯ. ಅದಾದರೆ ಒಂದು ಮಧ್ಯಾಹ್ನದ ಹವ್ಯಾಸಕ್ಕೆ ಕೆರೆ ಸಾಕು.

ಆದರೆ ಹವ್ಯಾಸ ಹೆಚ್ಚಾದಂತೆ ಮನಸ್ಸು ಕಾಡಿನ ನದಿಯತ್ತ ಹೊರಳುತ್ತದೆ. ಜನವಸತಿಯಿಂದ ದೂರದ ನೀರಿನಲ್ಲಿ ಜೀವಮಾನದ ದೊಡ್ಡ ಮೀನೊಂದನ್ನು ಹಿಡಿಯಬೇಕೆಂಬ ಆಸೆ ಜಗತ್ತಿನ ಎಲ್ಲ ಗಾಳಗಾರರದ್ದು. ಕೆನಡಾದ ಲ್ಯಾಬ್ರಡಾರ್ ಪ್ರಾಂತದ ಸರೋವರಗಳಿಗೆ ಬ್ರೂಕ್ ಟ್ರೌಟ್ ಅರಸಿ ಹೋಗುವವರು ನೀರಿನ ಮೇಲಿಳಿಯುವ ಪುಟ್ಟ ವಿಮಾನ ಹತ್ತುತ್ತಾರೆ. ಒಂಟಾರಿಯೊದ ನಿಪಿಗಾನ್ ನದಿಯಲ್ಲಿ ಶತಮಾನಕ್ಕೂ ಹಿಂದೆ ಸಿಕ್ಕ ಹದಿನಾಲ್ಕೂವರೆ ಪೌಂಡಿನ ಮೀನು ಆ ಜಾತಿಯಲ್ಲಿ ಇಂದಿಗೂ ವಿಶ್ವದಾಖಲೆ. ಕರ್ನಾಟಕದಲ್ಲಿ ಆ ಸ್ಥಾನ ಮಹಶೀರ್‌ಗೆ ಸೇರಿದ್ದು, ತೂಕದಲ್ಲಂತೂ ಹೋಲಿಕೆಯೇ ಇಲ್ಲ. ಮೈಸೂರಿನ ಪ್ರಸಿದ್ಧ ಚರ್ಮ ಪ್ರಸಾಧಕ ಕುಟುಂಬದ ಡಿವೆಟ್ ವ್ಯಾನ್ ಇಂಗೆನ್ 1946ರಲ್ಲಿ ಕಬಿನಿಯಲ್ಲಿ ಹಿಡಿದ ಮಹಶೀರ್ 120 ಪೌಂಡ್, ಎಂದರೆ ಸುಮಾರು 54 ಕಿಲೋ ತೂಗಿತ್ತು.

ಇಂಥ ಪ್ರವಾಸದ ಸಿದ್ಧತೆ ಎಂದೊಡನೆ ಬಹುತೇಕರು ಕೋಲು, ರೀಲು, ದಾರದ ಲೆಕ್ಕ ಹಾಕುತ್ತಾರೆ. ಇಂದಿನ ಪರಿಸ್ಥಿತಿಯಲ್ಲಿ ಅದು ಕೊನೆಯ ಲೆಕ್ಕವಾಗಬೇಕು. ಎಲ್ಲಿ ಗಾಳ ಹಾಕಬಾರದು ಮತ್ತು ಗಾಳಕ್ಕೆ ಬಿದ್ದ ಮೀನು ಯಾವುದು ಎಂಬ ಎರಡು ಪ್ರಶ್ನೆಗಳಿಗೆ ಮೊದಲು ಉತ್ತರ ಬೇಕು.

ಶಿಬಿರಗಳ ಕಾಲ

ಮಂಗಳೂರಿನಲ್ಲಿ ಕಲೆಕ್ಟರ್ ಆಗಿದ್ದ ಹೆನ್ರಿ ಸಲಿವನ್ ಥಾಮಸ್ 1873ರಲ್ಲಿ ‘ದಿ ರಾಡ್ ಇನ್ ಇಂಡಿಯಾ’ ಪ್ರಕಟಿಸಿದಂದಿನಿಂದ ದಕ್ಷಿಣದ ಮಹಶೀರ್ ಹೊರಜಗತ್ತಿಗೆ ಪರಿಚಿತ. ಸ್ವಾತಂತ್ರ್ಯಾನಂತರ ಈ ಹವ್ಯಾಸ ಬಹುಮಟ್ಟಿಗೆ ಮರೆಯಾಯಿತು. 1970ರ ದಶಕದ ಕೊನೆಯಲ್ಲಿ ಬ್ರಿಟನ್ನಿನ ಮೂವರು ಗಾಳಗಾರರು ಕಾವೇರಿಯಲ್ಲಿ ಭಾರಿ ಮೀನುಗಳನ್ನು ಹಿಡಿದು ತೋರಿಸಿದ ಬಳಿಕ ಮತ್ತೆ ಜೀವ ಪಡೆಯಿತು. ಶಿವನಸಮುದ್ರದ ಕೆಳಗೆ, ಮೇಕೆದಾಟಿನವರೆಗಿನ ಕಣಿವೆಯಲ್ಲಿ ಭೀಮೇಶ್ವರಿ, ದೊಡ್ಡಮಾಕಳಿ, ಗಾಲಿಬೋರೆ ಎಂಬ ಹೆಸರುಗಳು ಯೂರೋಪಿನ ಗಾಳಗಾರರ ಬಾಯಲ್ಲೂ ಓಡಾಡತೊಡಗಿದವು.

ಅಲ್ಲಿನ ಕ್ರಮವೇ ಬೇರೆಯಾಗಿತ್ತು. ಹರಿಗೋಲಿನಲ್ಲಿ ಸಾಗಿ ಬಂಡೆಗಳ ನಡುವಿನ ಮಡುವಿಗೆ ದಾರ ಎಸೆಯುವುದು. ಗಾಳಕ್ಕೆ ರಾಗಿ ಹಿಟ್ಟನ್ನು ಬೇಯಿಸಿ ಕಟ್ಟಿದ ಉಂಡೆ. ಮುದ್ದೆಯ ಸೀಮೆಯ ಮೀನಿಗೂ ಮುದ್ದೆಯೇ ಪ್ರಿಯವಾದದ್ದು ಸಹಜವಿರಬಹುದು. ಹಿಡಿದ ಮೀನನ್ನು ತೂಗಿ, ಪುಸ್ತಕದಲ್ಲಿ ಬರೆದು, ನದಿಗೇ ಬಿಡುವುದು ಕಡ್ಡಾಯ ನಿಯಮ. ನದಿಯನ್ನು ಅಂಗೈ ಗೆರೆಯಂತೆ ಬಲ್ಲ ಸ್ಥಳೀಯರಿಗೆ ಮಾರ್ಗದರ್ಶಕರಾಗಿ, ಕಾವಲುಗಾರರಾಗಿ ಕೆಲಸ ದೊರೆಯಿತು. ಸಿಡಿಮದ್ದು ಎಸೆದು ಮೀನು ಕೊಲ್ಲುವವರ ಮೇಲೆ ಕಣ್ಣಿಡಲು ಹಗಲಿರುಳು ಜನರಿದ್ದರು.

ಈ ಕಣಿವೆ 1987ರಲ್ಲಿ ಘೋಷಿತವಾದ ಕಾವೇರಿ ವನ್ಯಜೀವಿಧಾಮದ ಭಾಗ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಭಯಾರಣ್ಯದೊಳಗಿನ ವನ್ಯಜೀವಿಗೆ ಹಾನಿ ಮಾಡುವುದು, ಅದನ್ನು ಹೊರತೆಗೆಯುವುದು ನಿರ್ಬಂಧಿತ. ಹಿಡಿದು ಬಿಡುವ ಆಟವೂ ಇಲ್ಲಿ ಸಲ್ಲದೆಂಬ ನಿಲುವು ಗಟ್ಟಿಯಾಗಿ, 2010ರ ದಶಕದ ಆರಂಭದಲ್ಲಿ ಅಭಯಾರಣ್ಯದೊಳಗಿನ ಗಾಳಗಾರಿಕೆ ನಿಂತಿತು. ಹಿಂದಿನ ಮೀನುಗಾರಿಕೆ ಶಿಬಿರಗಳು ಜಂಗಲ್ ಲಾಡ್ಜಸ್ ಸಂಸ್ಥೆಯ ಪ್ರಕೃತಿ ಶಿಬಿರಗಳಾದವು. ಹಳೆಯ ಪ್ರವಾಸ ಪುಸ್ತಕಗಳಲ್ಲಿ ಭೀಮೇಶ್ವರಿಯ ಗಾಳದ ವರ್ಣನೆ ಓದಿ ಕೋಲು ಹೊತ್ತು ಹೊರಡುವವರು ಇದನ್ನು ಗಮನಿಸಬೇಕು. ಅಲ್ಲಿ ಈಗ ಹಕ್ಕಿ, ನೀರುನಾಯಿ, ಮೊಸಳೆ, ಆನೆ ನೋಡಬಹುದು; ಗಾಳ ಹಾಕುವಂತಿಲ್ಲ.

ಹೆಸರು ಸಿಕ್ಕಾಗ ಮೀನೇ ವಿರಳ

ಗಾಳಗಾರರ ಆ ದಾಖಲೆ ಪುಸ್ತಕಗಳು ಮುಂದೆ ವಿಜ್ಞಾನಿಗಳ ಕೈಸೇರಿದವು. ಗಾಲಿಬೋರೆಯಲ್ಲಿ 1998ರಿಂದ 2012ರವರೆಗೆ 23,620 ಗಂಟೆಗಳ ಗಾಳಗಾರಿಕೆಯಲ್ಲಿ 6,161 ಮಹಶೀರ್ ಹಿಡಿದು ಬಿಡಲಾಗಿತ್ತು. ಲೆಕ್ಕವನ್ನು ಬಿಡಿಸಿ ನೋಡಿದಾಗ ಕಂಡದ್ದು ಎರಡು ಮೀನುಗಳ ಕಥೆ. ಒಂದು, ನೀಲಿ ರೆಕ್ಕೆಯ ಮಹಶೀರ್. ಇದರ ಸಂಖ್ಯೆ ವರ್ಷದಿಂದ ವರ್ಷಕ್ಕೆ ಏರಿತ್ತು. ಇನ್ನೊಂದು, ತಲೆಯ ಹಿಂದೆ ಗೂನು ಎದ್ದ, ಕಿತ್ತಳೆ ಛಾಯೆಯ ರೆಕ್ಕೆಗಳ ಮಹಶೀರ್. ಗಾಳಗಾರರ ಹಳೆಯ ಚಿತ್ರಗಳಲ್ಲಿ ಕಾಣುವ ದೈತ್ಯ ಇದೇ. ಅದು ದಾಖಲೆಗಳಿಂದ ಮೆಲ್ಲಮೆಲ್ಲನೆ ಜಾರಿಹೋಗಿತ್ತು.

ವಿಜಯಪುರ ಜಿಲ್ಲೆಯ ಓದುಗರಿಗೆ ಇದರಲ್ಲೊಂದು ವಿಶೇಷ ಸಂಬಂಧವಿದೆ. ನೀಲಿ ರೆಕ್ಕೆಯ ಮಹಶೀರ್ ಮೂಲತಃ ಕೃಷ್ಣಾ ಕೊಳ್ಳದ ಮೀನು. ಕರ್ನಲ್ ಸೈಕ್ಸ್ 1839ರಲ್ಲಿ ಅದನ್ನು ವಿಜ್ಞಾನಕ್ಕೆ ಪರಿಚಯಿಸಿದ್ದು ಪುಣೆಯ ಮುಳಾ-ಮುಠಾ ನದಿಯಿಂದ. ಆ ನೀರು ಭೀಮೆಗೆ ಸೇರಿ ವಿಜಯಪುರ ಜಿಲ್ಲೆಯ ಉತ್ತರ ಅಂಚಿನಲ್ಲಿ ಹರಿಯುತ್ತದೆ. 1970ರ ದಶಕದಲ್ಲಿ ಟಾಟಾ ವಿದ್ಯುತ್ ಕಂಪನಿಗಳು ಲೋಣಾವಳದಲ್ಲಿ ಈ ಮೀನಿನ ಕೃತಕ ಸಂತಾನಾಭಿವೃದ್ಧಿ ಸಾಧಿಸಿದವು. ಮರಿಗಳು ದೇಶದ ಹಲವೆಡೆಗೆ ಹೋದವು, ಕಾವೇರಿಗೂ ಬಂದವು. ಮಹಶೀರ್ ಉಳಿಸಬೇಕೆಂಬ ಸದುದ್ದೇಶದಿಂದಲೇ ಬಿಟ್ಟ ಮೀನು ಅದು. ಆದರೆ ಹೊಸ ನೀರಿನಲ್ಲಿ ಅದು ಹುಲುಸಾಗಿ ಬೆಳೆದು, ಮೂಲ ನಿವಾಸಿಗೆ ಪೈಪೋಟಿಯಾಯಿತು. ಅಣೆಕಟ್ಟುಗಳು, ಮರಳುಗಾರಿಕೆ, ಸಿಡಿಮದ್ದು ಮೊದಲೇ ಕುಗ್ಗಿಸಿದ್ದ ಗೂನು ಮಹಶೀರ್ ಮತ್ತಷ್ಟು ಮೂಲೆಗೆ ಸರಿಯಿತು.

ಇನ್ನೂ ವಿಚಿತ್ರವೆಂದರೆ, ಒಂದೂವರೆ ಶತಮಾನ ಜಗತ್ತಿನ ಗಾಳಗಾರರನ್ನು ಸೆಳೆದ ಈ ಮೀನಿಗೆ ಸರಿಯಾದ ವೈಜ್ಞಾನಿಕ ಹೆಸರೇ ಇರಲಿಲ್ಲ. ಕಾವೇರಿಯ ಉಪನದಿ ಮೋಯಾರ್‌ನಲ್ಲಿ ದೊರೆತ ಮಾದರಿಗಳ ವಂಶವಾಹಿ ಪರೀಕ್ಷೆ ನಡೆಸಿದ ಭಾರತ ಮತ್ತು ಬ್ರಿಟನ್ನಿನ ಸಂಶೋಧಕರ ತಂಡ, 2018ರಲ್ಲಿ ಇದು ‘ಟಾರ್ ರೆಮದೇವಿ’ ಎಂದು ಖಚಿತಪಡಿಸಿತು. ಕೇರಳದ ಪಾಂಬಾರ್ ನದಿಯ ಮರಿಮೀನುಗಳಿಗೆ ಮೊದಲೇ ಇಟ್ಟಿದ್ದ ಹೆಸರದು. ಅದೇ ವರ್ಷ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ ಅದನ್ನು ‘ತೀವ್ರ ಅಳಿವಿನಂಚಿನ’ ಪಟ್ಟಿಗೆ ಸೇರಿಸಿತು. ಹುಲಿ, ಆನೆಗಳಿಗಿಂತಲೂ ಗಂಭೀರ ವರ್ಗವಿದು. ನೀಲಿ ರೆಕ್ಕೆಯ ಮೀನಾದರೋ ಅಪಾಯವಿಲ್ಲದ ವರ್ಗಕ್ಕೆ ಇಳಿಯಿತು.

ಹಾಗಾದರೆ ಎಲ್ಲಿ?

ಅಭಯಾರಣ್ಯ, ರಾಷ್ಟ್ರೀಯ ಉದ್ಯಾನ, ಹುಲಿ ಸಂರಕ್ಷಿತ ಪ್ರದೇಶ, ದೇವಸ್ಥಾನಗಳ ಮತ್ಸ್ಯಧಾಮ: ಇಷ್ಟನ್ನು ಮೊದಲೇ ನಕ್ಷೆಯಿಂದ ಹೊಡೆದುಹಾಕಬೇಕು. ಉಳಿಯುವ ನೀರಿನಲ್ಲಿ ಹೆಸರಾದದ್ದು ಕೊಡಗಿನ ಕುಶಾಲನಗರ ಸಮೀಪದ ವಾಲ್ನೂರು. ಕಾವೇರಿಯ ಈ ಪಾತ್ರದಲ್ಲಿ ಕೊಡಗು ವನ್ಯಜೀವಿ ಸಂಘ ದಶಕಗಳ ಕಾಲ ಮೀನನ್ನು ಕಾದು, ಹಿಡಿದು ಬಿಡುವ ಷರತ್ತಿನ ಮೇಲೆ ಗಾಳಗಾರರಿಗೆ ಪರವಾನಗಿ ನೀಡುತ್ತ ಬಂದಿತ್ತು. ನಿಯಮ, ಶುಲ್ಕ, ಅವಧಿ ಬದಲಾಗುತ್ತಿರುವುದರಿಂದ ಮೀನುಗಾರಿಕೆ ಇಲಾಖೆಯ ಜಿಲ್ಲಾ ಕಚೇರಿಯಿಂದಲೂ ಸ್ಥಳೀಯ ಅರಣ್ಯ ವಲಯ ಕಚೇರಿಯಿಂದಲೂ ಆ ವರ್ಷದ ಅನುಮತಿಯನ್ನು ಬರಹದಲ್ಲಿ ಪಡೆದೇ ರೈಲು ಹತ್ತುವುದು ಲೇಸು. ರೆಸಾರ್ಟಿನವರ ಬಾಯಿಮಾತು ದಂಡ ಕಟ್ಟುವಾಗ ನೆರವಿಗೆ ಬರುವುದಿಲ್ಲ.

ವಿಜಯಪುರದಿಂದ ಗೋಲಗುಂಬಜ್ ಎಕ್ಸ್‌ಪ್ರೆಸ್ ನೇರ ಮೈಸೂರಿಗೆ ಒಯ್ಯುತ್ತದೆ. ಅಲ್ಲಿಂದ ಕುಶಾಲನಗರಕ್ಕೆ ರಸ್ತೆಯಲ್ಲಿ ಸುಮಾರು 90 ಕಿ.ಮೀ. ಮುಂಗಾರಿನ ತಿಂಗಳುಗಳು ಬೇಡವೇ ಬೇಡ. ನದಿ ಕೆಂಪಾಗಿ ಉಕ್ಕುವುದಷ್ಟೇ ಕಾರಣವಲ್ಲ, ಮಹಶೀರ್ ಮೊಟ್ಟೆಯಿಡಲು ಮೇಲ್ಮುಖವಾಗಿ ಸಾಗುವ ಕಾಲವೂ ಅದೇ. ನೀರು ತಿಳಿಯಾಗಿ ಇಳಿಯುವ ಜನವರಿಯಿಂದ ಮಾರ್ಚ್‌ವರೆಗಿನ ಅವಧಿಯನ್ನು ಹಳಬರು ಮೆಚ್ಚುತ್ತಿದ್ದರು.

ಕೃತಕ ಹುಳುವನ್ನು ಭಾರದ ದಾರದಿಂದ ಎಸೆಯುವ ಫ್ಲೈ ಫಿಶಿಂಗ್ ಕ್ರಮಕ್ಕೆ ಟ್ರೌಟ್‌ನ ಹಗುರ ಸಲಕರಣೆ ಇಲ್ಲಿ ಸಾಲದು. ಎಂಟರಿಂದ ಹತ್ತನೇ ಅಂಕದ ಕೋಲು, ರೀಲಿನಲ್ಲಿ 150 ಮೀಟರಿಗೆ ಕಡಿಮೆಯಿಲ್ಲದ ಹೆಚ್ಚುವರಿ ದಾರ ಬೇಕಾಗುತ್ತದೆ. ಮಹಶೀರ್‌ನ ದವಡೆಯಲ್ಲಿ ಹಲ್ಲಿಲ್ಲ, ಗಂಟಲಿನಲ್ಲಿವೆ. ಏಡಿ, ಗಟ್ಟಿ ಕಾಯಿಗಳನ್ನು ಅಲ್ಲೇ ಅರೆಯುತ್ತದೆ. ತೆಳು ಗಾಳ ಕೊಂಡೊಯ್ದವರಿಗೆ ಅದು ಜಜ್ಜಿಹೋದ ಮೇಲೆಯೇ ಈ ಸಂಗತಿ ತಿಳಿಯುವುದುಂಟು. ಗಾಳ ಒಂದೇ ಇರಲಿ, ಒಳಮುಳ್ಳು ಇಲ್ಲದ್ದಾಗಿರಲಿ.

ಮೀನು ದಣಿದು ದಡಕ್ಕೆ ಬಂದಾಗ ಅದನ್ನು ನೀರಿನಿಂದ ಪೂರ್ತಿ ಎತ್ತದೆ, ಒದ್ದೆ ಕೈಯಲ್ಲೇ ಹಿಡಿದು ಗಾಳ ಬಿಡಿಸಬೇಕು. ಚಿತ್ರಕ್ಕಾಗಿ ತುಟಿಗೆ ಹಗ್ಗ ಪೋಣಿಸಿ ಕಟ್ಟಿಹಾಕುವ ಹಿಂದಿನ ರೂಢಿ ಮೀನಿಗೆ ಹಿಂಸೆಯೇ ಹೊರತು ವಿಶ್ರಾಂತಿಯಲ್ಲ. ಚಿತ್ರ ತೆಗೆಯುವುದಾದರೆ ನೀರಿನಲ್ಲಿದ್ದಂತೆಯೇ ತಲೆ ಮತ್ತು ರೆಕ್ಕೆಗಳ ಬಣ್ಣ ಸ್ಪಷ್ಟ ಕಾಣುವಂತೆ ತೆಗೆಯುವುದು ಒಳಿತು. ಗೂನು, ಕಿತ್ತಳೆ ರೆಕ್ಕೆ ಕಂಡರೆ ಕೂಡಲೇ ಬಿಟ್ಟು, ಸ್ಥಳ ಮತ್ತು ದಿನಾಂಕವನ್ನು ಇಲಾಖೆಗೆ ತಿಳಿಸಬಹುದು. ಇಂಥ ಒಂದೊಂದು ಟಿಪ್ಪಣಿಗೂ ಈಗ ಬೆಲೆಯಿದೆ.

ನದಿಯ ಅಪಾಯಗಳನ್ನು ನಗರದವರು ಹಗುರವಾಗಿ ಕಾಣುತ್ತಾರೆ. ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟರೆ, ಮಳೆಯ ಸುಳಿವೇ ಇಲ್ಲದ ದಿನವೂ ನಡುಬಂಡೆಯ ಮೇಲೆ ನಿಂತವರು ಸಿಕ್ಕಿಬೀಳಬಹುದು. ಸಂಜೆ ಆನೆಗಳು ನೀರಿಗಿಳಿಯುವ ಹೊತ್ತು. ಮೊಸಳೆಯಿರುವ ಮಡುವಿನ ಅಂಚಿನಲ್ಲಿ ಮೊಣಕಾಲುದ್ದ ನೀರೂ ಸುರಕ್ಷಿತವಲ್ಲ. ಜೀವರಕ್ಷಕ ಅಂಗಿ ಮತ್ತು ಊರಿನ ಒಬ್ಬ ಅಂಬಿಗ, ಇವೆರಡರ ಖರ್ಚಿನಲ್ಲಿ ಉಳಿತಾಯ ಮಾಡಬಾರದು.

ಅನುಮತಿ ದೊರೆಯದಿದ್ದರೂ ದೊಡ್ಡ ಮೀನು ನೋಡುವ ಅವಕಾಶ ತಪ್ಪುವುದಿಲ್ಲ. ದಕ್ಷಿಣ ಕನ್ನಡದ ಶಿಶಿಲದಲ್ಲಿ ಕಪಿಲಾ ಹೊಳೆಯ ಮೀನುಗಳು ಶಿಶಿಲೇಶ್ವರನ ‘ದೇವರ ಮೀನು’ಗಳು. 1996ರಲ್ಲಿ ಹೊಳೆಗೆ ವಿಷ ಹಾಕಿ ಅಪಾರ ಮೀನು ಸತ್ತ ಬಳಿಕ ಅಲ್ಲಿ ಕಾವಲು ಬಿಗಿಯಾಯಿತು. ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲಿನ ಮೇಲೆ ಕುಳಿತು ಮಂಡಕ್ಕಿ, ಉತ್ತರ ಕರ್ನಾಟಕದವರ ಚುರಮುರಿ, ಎಸೆದರೆ ಮೊಳಕೈ ಉದ್ದದ ಮೀನುಗಳು ಕಾಲಬುಡಕ್ಕೇ ಬರುತ್ತವೆ. ಅದಕ್ಕೆ ಪರವಾನಗಿ ಬೇಕಿಲ್ಲ.