ಎಸ್ಸೈ ಸಾಮಿಯ ಪಾಕೆಟ್ ಬುಕ್ಕು

ಹೆಬ್ಬೆಟ್ಟು ಒತ್ತಿಸುವ ಮುಂಚೆ ಅಪ್ಪ ಯಾವಾಗಲೂ ಒಂದು ಮಾತು ಹೇಳುತ್ತಿದ್ದರು: “ತಡಿಯಪ್ಪ, ಏನ್ ಬರ್ದೈತೆ ಅಂತ ಮೊದ್ಲು ಕೇಳುಸ್ಕೋ.” ಪೊಲೀಸ್ ಸ್ಟೇಷನ್ನಿನ ರೈಟರು ದೂರನ್ನು ತಮಿಳಿನಲ್ಲಿ ಬರೆದಿರುತ್ತಿದ್ದ. ಎದುರಿಗೆ ನಿಂತವನು ತಳಿ ಕಡೆಯ ಕನ್ನಡದವನೋ ಶೂಲಗಿರಿ ಕಡೆಯ ತೆಲುಗಿನವನೋ ಆಗಿರುತ್ತಿದ್ದ. ಅಪ್ಪ ಕಾಗದವನ್ನು ಲಾಂದ್ರದ ಬೆಳಕಿಗೆ ಹಿಡಿದು, ಒಂದೊಂದೇ ಸಾಲನ್ನು ಅವನ ಭಾಷೆಯಲ್ಲಿ ಹೇಳುತ್ತಿದ್ದರು. ಎತ್ತು ಕಳೆದುಕೊಂಡವನು ನಡುವೆ ಬಾಯಿ ಹಾಕಿ, “ಮುರಿದಿರೋದು ಎಡಗಡೆ ಕೊಂಬು ಸಾಮಿ, ಬಲಗಡೇದಲ್ಲ” ಎಂದರೆ ರೈಟರು ಮತ್ತೆ ಪೆನ್ನು ತೆಗೆದು ತಿದ್ದಬೇಕು. ಆಮೇಲೆ ಶಾಯಿ, ಆಮೇಲೆ ಹೆಬ್ಬೆಟ್ಟು.

ಸ್ಟೇಷನ್ನಿಗೂ ನಮ್ಮ ಕ್ವಾರ್ಟರ್ಸಿಗೂ ನಡುವೆ ಒಂದು ಹುಣಸೆಮರ ಅಷ್ಟೇ. ಕಾಫಿ ಒಯ್ಯುವ ನೆವದಲ್ಲಿ ಹೋಗಿ, ಕಂಬದ ಮರೆಯಲ್ಲಿ ನಿಂತು ಇದನ್ನೆಲ್ಲ ನೋಡಿದ್ದೇನೆ. ಎಷ್ಟೋ ವರ್ಷಗಳ ಮೇಲೆ ಕ್ರಿಮಿನಲ್ ಪ್ರೊಸೀಜರ್ ಕೋಡಿನ 154ನೇ ಸೆಕ್ಷನ್ ಓದಿದೆ. ಬರೆದುಕೊಂಡ ದೂರನ್ನು ದೂರು ಕೊಟ್ಟವನಿಗೆ ಓದಿ ಹೇಳಬೇಕು ಎಂದಿತ್ತು. ಅವನಿಗೆ ತಿಳಿಯುವ ಭಾಷೆಯಲ್ಲಿ ಓದಬೇಕು ಎಂದು ಅದರಲ್ಲಿರಲಿಲ್ಲ. ಕಾನೂನು ಬಿಟ್ಟ ಆ ಜಾಗವನ್ನು ಹೊಸೂರು ಸೀಮೆಯಲ್ಲಿ ಅಪ್ಪನಂಥವರು ಬಾಯಿಂದ ತುಂಬಿದರು.

ನಮ್ಮ ಸೀಮೆಯ ಹಣೆಬರಹವೇ ಹಾಗೆ. ಟಿಪ್ಪುವಿನಿಂದ 1792ರಲ್ಲಿ ಪಕ್ಕದ ಬಾರಾಮಹಲ್ ಹೋಯಿತು. ಅವನು ಬಿದ್ದ ಮೇಲೆ ಹೊಸೂರೂ ಕಂಪನಿಯ ಕೈಸೇರಿ ಸೇಲಂ ಜಿಲ್ಲೆಗೆ ಅಂಟಿಕೊಂಡಿತು. 1956ರಲ್ಲಿ ಭಾಷೆಯ ಮೇಲೆ ರಾಜ್ಯಗಳನ್ನು ಹಂಚಿದಾಗಲೂ ಮೂರು ಭಾಷೆಯ ಈ ತಾಲೂಕು ಮದರಾಸಿನಲ್ಲೇ ಉಳಿಯಿತು. 1965ರಲ್ಲಿ ಧರ್ಮಪುರಿ ಜಿಲ್ಲೆ, 2004ರಲ್ಲಿ ಕೃಷ್ಣಗಿರಿ ಜಿಲ್ಲೆ. ಜಿಲ್ಲೆಯ ಹೆಸರು ಬದಲಾದಾಗ ಸ್ಟೇಷನ್ನಿನ ಬೋರ್ಡಿಗೆ ಹೊಸ ಬಣ್ಣ ಬಿತ್ತು. ದೂರು ಹೇಳಲು ಬರುವವರ ನಾಲಿಗೆ ಹಳೆಯದೇ.

ಎಸ್ಸೈ ಎಂಬ ಹುದ್ದೆಗೂ ಒಂದು ಚರಿತ್ರೆಯಿದೆ. ಮದರಾಸು ಪೊಲೀಸ್ ಕಾಯ್ದೆ ಬಂದದ್ದು 1859ರಲ್ಲಿ. ಮೊದಮೊದಲು ಸಣ್ಣ ಊರಿನ ಠಾಣೆ ಹೆಡ್ ಕಾನ್‌ಸ್ಟೇಬಲ್ ಕೈಯಲ್ಲೇ ಇತ್ತು. 1902–03ರ ಪೊಲೀಸ್ ಕಮಿಷನ್ ಓದು ಬಲ್ಲ ಸಬ್ ಇನ್‌ಸ್ಪೆಕ್ಟರನ್ನು ಠಾಣೆಯ ಯಜಮಾನನಾಗಿ ಕೂರಿಸಬೇಕು ಎಂದಿತು. ಹಾಗೆ ಬಂದವರೇ ನಮ್ಮ ಕಡೆ ಹಳ್ಳಿಯವರ ಬಾಯಲ್ಲಿ “ಎಸ್ಸೈ ಸಾಮಿ” ಆದರು. ಅಪ್ಪ ನೇರವಾಗಿ ಎಸ್ಸೈ ಆದವರಲ್ಲ. 1943ರಲ್ಲಿ ಕಾನ್‌ಸ್ಟೇಬಲ್ ಆಗಿ ಸೇರಿ, ಹೆಡ್ ಆಗಿ, “ಏಟಯ್ಯ” ಎನಿಸಿಕೊಂಡು, ಮೆಟ್ಟಿಲು ಮೆಟ್ಟಿಲಾಗಿ ಮೇಲೆ ಬಂದವರು.

ಕಾನ್‌ಸ್ಟೇಬಲ್ ಆಗಿದ್ದ ಮೊದಲ ವರ್ಷಗಳ ಬಗ್ಗೆ ಅವರು ಹೆಚ್ಚು ಮಾತಾಡುತ್ತಿರಲಿಲ್ಲ. ಆಗ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ಇತ್ತು. ಹುಟ್ಟಿದ ಜಾತಿಯೇ ಅಪರಾಧ. ಸೇಲಂ ಜಿಲ್ಲೆಯ ಕೊರವರ ಹೆಸರುಗಳು ಠಾಣೆಯ ರಿಜಿಸ್ಟರಿನಲ್ಲಿ ಇರುತ್ತಿದ್ದವು. ರಾತ್ರಿ ಹೋಗಿ ಗುಡಿಸಿಲ ಮುಂದೆ ನಿಂತು ಹಾಜರಿ ಕೂಗಬೇಕು. ಬುಟ್ಟಿ ಹೆಣೆದು, ಉಪ್ಪು ಹೊತ್ತು ಬದುಕುತ್ತಿದ್ದ ಜನ. ಮದರಾಸು ಸರ್ಕಾರ 1947ರಲ್ಲಿ ಆ ಕಾಯ್ದೆಯನ್ನು ತೆಗೆಯಿತು, ದೇಶದಲ್ಲೆಲ್ಲ ಅದು ಹೋದದ್ದು 1952ರ ಆಗಸ್ಟ್ 31ಕ್ಕೆ. ಒಂದು ರಾತ್ರಿ ಊಟ ಮಾಡುತ್ತಾ ಅಪ್ಪ ಇದ್ದಕ್ಕಿದ್ದ ಹಾಗೆ ಅಮ್ಮನಿಗೆ ಹೇಳಿದ್ದು ನೆನಪಿದೆ: “ನಾನು ಹೆಸರು ಕೂಗಿದ್ರೆ ಮೈಮೇಲೆ ಜ್ವರ ಇದ್ರೂ ಎದ್ದು ಬಂದು ನಿಲ್ತಿದ್ರು ಕಣೆ. ಕೂಸು ಎತ್ಕೊಂಡು ನಿಲ್ತಿದ್ರು.” ಅಮ್ಮ ಏನೂ ಅನ್ನದೆ ತಟ್ಟೆಗೆ ಇನ್ನೊಂದು ಮುದ್ದೆ ಇಟ್ಟಳು. ಆ ಕಾಯ್ದೆ ಒಂದು ಪಾಪ. ಅದನ್ನು ಮಾಡಿದವರ ಪಾಪ ಎಷ್ಟೋ, ಹಾಜರಿ ಕೂಗಿದ ಕೈಗೂ ಅಷ್ಟು ಅಂಟಿತ್ತು ಎಂದು ಅಪ್ಪ ನಂಬಿದ್ದರು. ಠಾಣೆಯ ದಾಖಲೆಯಲ್ಲಿ ಹಳೆಯ ಕಳ್ಳರ ಹೆಸರಿನ ಮುಂದೆ ಕೆ.ಡಿ. ಎಂಬ ಇಂಗ್ಲಿಷ್ ಅಕ್ಷರಗಳಿರುತ್ತಿದ್ದವು. ಕನ್ನಡದ ಕಿವಿಗೆ ಅದು ‘ಕೇಡಿ’ ಎಂದೇ ಕೇಳುತ್ತದೆ, ಕೇಡು ಮಾಡುವವನು. ಒಮ್ಮೆ ಆ ಅಕ್ಷರ ಬಿದ್ದವನ ಮಗನನ್ನೂ ಊರು ಹಾಗೇ ಕರೆಯುತ್ತದೆ ಎಂದು ಅಪ್ಪ ಮನೆಯಲ್ಲಿ ಆ ಮಾತನ್ನು ಆಡಗೊಡಲಿಲ್ಲ.

ಸಾರಾಯಿಯ ಕಥೆ ಇನ್ನೊಂದು. ರಾಜಾಜಿ ಹುಟ್ಟಿದ್ದು ಹೊಸೂರಿನ ಪಕ್ಕದ ತೊರಪಳ್ಳಿಯಲ್ಲಿ. ಅವರು ಮದರಾಸಿನ ಪ್ರಧಾನಿಯಾದ ವರ್ಷವೇ, 1937ರ ಅಕ್ಟೋಬರ್ 1ರಂದು, ಪಾನನಿಷೇಧವನ್ನು ಮೊದಲು ತಂದದ್ದು ತಮ್ಮ ಸೇಲಂ ಜಿಲ್ಲೆಗೇ. ಯುದ್ಧದ ಕಾಲದಲ್ಲಿ ಅದು ನಿಂತಿತು, ಮತ್ತೆ ಬಂತು, 1948ರ ಹೊತ್ತಿಗೆ ಇಡೀ ಪ್ರಾಂತ್ಯಕ್ಕೆ ಹಬ್ಬಿತು. 1971ರವರೆಗೆ, ಎಂದರೆ ಅಪ್ಪನ ನೌಕರಿಯ ಬಹುಪಾಲು, ಕಳ್ಳಭಟ್ಟಿ ಹಿಡಿಯುವುದೇ ಠಾಣೆಯ ದಿನದ ಕೆಲಸ. ಅಂಚೆಟ್ಟಿ ಕಾಡಿನ ಹಳ್ಳಗಳಲ್ಲಿ ಬೆಲ್ಲ ಕೊಳೆಸಿದ ಮಡಕೆಗಳನ್ನು ಒಡೆದು, ಬೂಟಿನ ತುಂಬ ಆ ಹುಳಿನಾತ ತುಂಬಿಕೊಂಡು ಬರುತ್ತಿದ್ದರು. ಅಮ್ಮ ಬೂಟನ್ನು ಒಳಗೆ ತರಗೊಡುತ್ತಿರಲಿಲ್ಲ.

ಭಟ್ಟಿ ಇಳಿಸಿ ಸಿಕ್ಕವನಿಗೆ ಲಾಕಪ್ಪಿನಲ್ಲಿ ಊಟ ನಮ್ಮ ಮನೆಯಿಂದಲೇ. ಸರ್ಕಾರದ ಬತ್ತೆ ಕೆಲವಾಣೆ ಬರುತ್ತಿತ್ತು. ಅವರೆಕಾಳು ಸಾರಿಗೆ ಅದು ಸಾಲುತ್ತಿರಲಿಲ್ಲ. ಸಂಜೆಯಾದರೆ ಪಾರಾ ಕಾನ್‌ಸ್ಟೇಬಲ್ ಹುಣಸೆಮರದ ಕೆಳಗಿಂದಲೇ ಕೂಗುತ್ತಿದ್ದ: “ಅಮ್ಮಾ, ಇವತ್ತು ಇಬ್ರು.” ಅಮ್ಮ ಹಿಟ್ಟಿಗೆ ಇನ್ನೆರಡು ಹಿಡಿ ಹಾಕುತ್ತಿದ್ದಳು. ಎಸ್ಸೈ ಹೆಂಡತಿ ಎಂಬುದು ಸಂಬಳವಿಲ್ಲದ ಹುದ್ದೆ ಎಂದು ಯಾವ ಪೊಲೀಸ್ ಚರಿತ್ರೆಯಲ್ಲೂ ನಾನು ಓದಿಲ್ಲ. ಹೆಣ್ಣುಮಕ್ಕಳು ಮೊದಲು ನಮ್ಮ ಅಡುಗೆಮನೆಯ ಹಿಂಬಾಗಿಲಿಗೆ ಬರುತ್ತಿದ್ದರು. ಗಂಡ ಹೊಡೆದದ್ದು, ಮೈದುನ ಗದ್ದೆ ಒತ್ತಿದ್ದು, ಎಲ್ಲ ಅಲ್ಲೇ. ಅಮ್ಮ ಕೇಳಿಸಿಕೊಂಡು ರಾತ್ರಿ ಅಪ್ಪನ ಕಿವಿಗೆ ಹಾಕುತ್ತಿದ್ದಳು. ಮರುದಿನ ಆ ಊರಿಗೆ ಬೀಟು ಹೋಗುತ್ತಿತ್ತು.

ಅಪ್ಪನ ಜೊತೆ ನಾವು ಹಬ್ಬ ಮಾಡಿದ್ದು ಕಡಿಮೆ. ಫಾಲ್ಗುಣದಲ್ಲಿ ಹೊಸೂರಿನ ಚಂದ್ರಚೂಡೇಶ್ವರನ ತೇರು ಎಳೆಯುವ ದಿನ ಅವರಿಗೆ ಬೆಳಗಿನಿಂದ ಬಂದೋಬಸ್ತು. ನಾವು ಮಕ್ಕಳು ಅಮ್ಮನ ಸೆರಗು ಹಿಡಿದು ದೂರದಿಂದ ನೋಡುತ್ತಿದ್ದೆವು. ಊರೆಲ್ಲ ತೇರಿಗೆ ಬಾಳೆಹಣ್ಣು ಎಸೆದು ಕೈಮುಗಿದರೆ ಅಪ್ಪ ತೇರಿಗೆ ಬೆನ್ನು ಮಾಡಿ ನಿಂತಿರುತ್ತಿದ್ದರು, ಕಣ್ಣು ಜನರ ಮೇಲೆ. ನನ್ನ ತಮ್ಮ ಒಮ್ಮೆ “ಅಪ್ಪ ಯಾಕೆ ದೇವರನ್ನ ನೋಡಲ್ಲ?” ಎಂದು ಅತ್ತೇಬಿಟ್ಟ.

1977ರಲ್ಲಿ ನಿವೃತ್ತರಾದರು. ಮೂರು ವರ್ಷದ ಮೇಲೆ, 1980ರ ಆಗಸ್ಟ್‌ನಲ್ಲಿ, ತಿರುಪತ್ತೂರಿನಿಂದ ಆ ಸುದ್ದಿ ಬಂತು. ಹಿಡಿದು ತರುತ್ತಿದ್ದ ನಕ್ಸಲೈಟನೊಬ್ಬ ದಾರಿಯಲ್ಲೇ ಬಾಂಬು ಸಿಡಿಸಿದ. ಇನ್‌ಸ್ಪೆಕ್ಟರ್ ಪಳನಿಸಾಮಿಯೂ ಜೊತೆಯ ಪೊಲೀಸರೂ ಸತ್ತರು. ಕೃಷ್ಣಗಿರಿಗೆ ಪಕ್ಕದ ಊರು ಅದು. ಮುಖ್ಯಮಂತ್ರಿ ಎಂ.ಜಿ.ಆರ್. ಆಮೇಲೆ ನಡೆಸಿದ ಕಾರ್ಯಾಚರಣೆಗೆ ಆ ಇನ್‌ಸ್ಪೆಕ್ಟರ ಪುಟ್ಟ ಮಗಳ ಹೆಸರನ್ನೇ ಇಟ್ಟರು: ಆಪರೇಷನ್ ಅಜಂತಾ. ಪೊಲೀಸ್ ಅಧಿಕಾರಿ ದೇವಾರಂ ಮುಂದಾಳತ್ವದಲ್ಲಿ ಧರ್ಮಪುರಿ, ಉತ್ತರ ಆರ್ಕಾಟಿನ ಹಳ್ಳಿಗಳಿಗೆ ಪಡೆ ಇಳಿಯಿತು, ಎನ್‌ಕೌಂಟರುಗಳಲ್ಲಿ ಹಲವು ಯುವಕರು ಸತ್ತರು. ರೇಡಿಯೋ ಹತ್ತಿರ ಕೂತಿದ್ದ ಅಪ್ಪನ ಮುಖವನ್ನು ನಾನು ಮರೆತಿಲ್ಲ. ಬಾಂಬಿಗೆ ಸತ್ತವರು ಅವರ ಜಾತಿಯ ಜನ, ಖಾಕಿ ಜಾತಿ. ಆದರೂ ಅವರು ಅಂದದ್ದು, “ಕೂಸಿನ ಹೆಸರು ಮನೇಲಿ ಕೂಗೋಕೆ ಇಟ್ಟಿದ್ದು. ಅದನ್ನ ಇದಕ್ಕೆಲ್ಲ ತರಬಾರದಿತ್ತು.” ಅದು ಸರಿ ಎಂದು ಇವತ್ತಿಗೂ ನನ್ನ ಮನಸ್ಸು ಹೇಳುತ್ತದೆ.

ಅದೇ ವರ್ಷ ನವೆಂಬರ್ 14ರಂದು ಸರ್ಕಾರ ಒಂದೇ ಆಜ್ಞೆಯಲ್ಲಿ ಹಳ್ಳಿಯ ಮುನ್ಸೀಫ, ಕರಣಿಕರ ಹುದ್ದೆಗಳನ್ನು ತೆಗೆದುಹಾಕಿತು. ಆ ಅಧಿಕಾರ ಹೋಗಬೇಕಾದದ್ದೇ; ಅವರಲ್ಲಿ ದರ್ಪದವರೂ ಇದ್ದರು. ಆದರೆ ಹಳ್ಳಿಯಲ್ಲಿ ಕೊಲೆಯಾದರೆ, ಅನಾಥ ಹೆಣ ಸಿಕ್ಕರೆ, ಮೊದಲ ಚೀಟಿ ಕಳಿಸುತ್ತಿದ್ದವರು ಅವರು. ಹೊತ್ತು ತರುತ್ತಿದ್ದವನು ತಳಾರಿ. ಅಪ್ಪನ ಠಾಣೆ ನಡೆದದ್ದು ಹತ್ತು ಹದಿನೈದು ಪೊಲೀಸರಿಂದಲ್ಲ, ಈ ಚೀಟಿಗಳಿಂದ. ಕೆಲಸ ಕಳೆದುಕೊಂಡ ಮುದುಕ ಮುನ್ಸೀಫರೊಬ್ಬರು ಆ ವಾರ ನಮ್ಮ ಜಗುಲಿಗೆ ಬಂದು ಅಪ್ಪನ ಪಕ್ಕ ಕೂತರು. ಇಬ್ಬರೂ ಎಲೆಯಡಿಕೆ ಹಾಕಿಕೊಂಡರು. “ಇನ್ಮೇಲೆ ಯಾರು ಹೇಳ್ತಾರೆ ನಿಮ್ಮೋರಿಗೆ?” ಎಂದರು ಅವರು.

ಅಪ್ಪ ತೀರಿಕೊಂಡ ಮೇಲೆ ತಗಡಿನ ಟ್ರಂಕಿನಲ್ಲಿ ಹಿತ್ತಾಳೆ ಗುಂಡಿಗಳು, ಒಂದು ಸೀಟಿ, ಒಂದು ಪಾಕೆಟ್ ಬುಕ್ಕು ಸಿಕ್ಕವು. ಬುಕ್ಕಿನಲ್ಲಿ ಊರೂರಿನ ಹೆಸರು, ಎದುರಿಗೆ ಪೆನ್ಸಿಲಿನಲ್ಲಿ ಒಂದೊಂದು ಸಾಲು. ಒಂದೂರಿನ ಮುಂದೆ “ತೆಲುಗು, ಬಾವಿ ಜಗಳ, ಇಬ್ಬರದೂ ಸುಳ್ಳು”. ಇನ್ನೊಂದರ ಮುಂದೆ “ಆನೆ ದಾರಿ, ಸಂಜೆ ಮೇಲೆ ಹೋಗಬಾರದು”. ಕೆಲಮಂಗಲದ ಆಚೆಯ ಒಂದು ಕನ್ನಡದ ಹಳ್ಳಿಯ ಮುಂದೆ ಹೀಗಿದೆ: “ಗೌಡರಿಗೆ ಕಿವಿ ಕೇಳದು. ಸೊಸೆಯನ್ನು ಕೇಳಬೇಕು. ಮೆಲ್ಲಗೆ.”